ಕೌಶಿಕನ ಸತ್ಯ

ನಿನ್ನೆ ಉಡುಪಿಯಲ್ಲಿ ತಾಳಮದ್ದಳೆ ಕೇಳಿ ಮರಳುವಾಗ, ಕೃಷ್ಣನ ಅರ್ಥಧಾರಿ ಅರ್ಜುನನಿಗೆ ಹೇಳಿದ ಕೌಶಿಕನ ಕಥೆ ತಲೆಯಿಂದ ಇಳಿಯಲೇ ಇಲ್ಲ. ಸತ್ಯವನ್ನೇ ನುಡಿಯುವೆನೆಂದು ವ್ರತ ತೊಟ್ಟ ಆ ತಪಸ್ವಿ, ಪ್ರಾಣಭಯದಿಂದ ಕಾಡಿನಲ್ಲಿ ಅಡಗಿದವರ ಜಾಡನ್ನು ಬೆನ್ನಟ್ಟಿ ಬಂದ ದರೋಡೆಕೋರರಿಗೆ ತಿಳಿಸಿ, ಅವರ ಸಾವಿಗೆ ಕಾರಣನಾಗಿ ನರಕಕ್ಕೆ ಹೋದನೆಂದು ಮಹಾಭಾರತದ ಕರ್ಣಪರ್ವ ಹೇಳುತ್ತದೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1797ರಲ್ಲಿ ಹೆಚ್ಚುಕಡಿಮೆ ಇದೇ ಸನ್ನಿವೇಶವನ್ನು ಎತ್ತಿಕೊಂಡು, ಕೊಲೆಗಾರನಿಗೂ ಸುಳ್ಳು ಹೇಳಕೂಡದೆಂದು ವಾದಿಸಿದ. ಅವನ ತರ್ಕದಲ್ಲಿ ಬಿರುಕು ಹುಡುಕುವುದು ಸುಲಭವಲ್ಲ. ಆದರೂ ಆ ತೀರ್ಮಾನವನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ಮನಸ್ಸು ಒಪ್ಪದ ಸಿದ್ಧಾಂತವನ್ನೆಲ್ಲ ತಳ್ಳಿಹಾಕಬಹುದೇ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ, ಅವರನ್ನು ಬಹಿಷ್ಕರಿಸಿದ ಸ್ವಜಾತಿಯವರಿಗೂ ತಮ್ಮ ಮನಸ್ಸಾಕ್ಷಿ ಸರಿಯೆಂದೇ ತೋರಿರಬೇಕು. ಅಲ್ಲಿ ತಿದ್ದಿಕೊಳ್ಳಬೇಕಾಗಿದ್ದುದು ಸಮಾನತೆಯ ತತ್ತ್ವವಲ್ಲ, ರೂಢಿಯಲ್ಲಿ ಬೆಳೆದ ಮನಸ್ಸು.

ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ವಿವರಿಸಿದ ದಾರಿ ನನಗೆ ಹಿಡಿಸುವುದು ಇದರಿಂದಲೇ. ಸಾಮಾನ್ಯ ತತ್ತ್ವವನ್ನೂ ನಿರ್ದಿಷ್ಟ ಪ್ರಸಂಗಗಳಲ್ಲಿ ನಾವು ವಿಚಾರಮಾಡಿ ಕೊಡುವ ತೀರ್ಪನ್ನೂ ಎದುರುಬದುರಾಗಿಟ್ಟು, ಒಮ್ಮೆ ಇದನ್ನು, ಒಮ್ಮೆ ಅದನ್ನು ತಿದ್ದುತ್ತ, ಎರಡೂ ಹೊಂದುವವರೆಗೆ ಮುಂದುವರಿಯಬೇಕೆಂಬುದು ಅವರ ಅಭಿಪ್ರಾಯ. ಯಾವುದನ್ನು ಯಾವಾಗ ಬಗ್ಗಿಸಬೇಕೆಂಬುದಕ್ಕೆ ಅಳತೆಗೋಲು ಅಲ್ಲಿಯೂ ಸಿಗುವುದಿಲ್ಲ. ಪೂರ್ವಗ್ರಹಗಳೇ ಪರಸ್ಪರ ಚೆನ್ನಾಗಿ ಹೊಂದಿಕೊಂಡುಬಿಟ್ಟರೆ ಏನು ಗತಿ ಎಂಬ ಆಕ್ಷೇಪವನ್ನೂ ಹಗುರವಾಗಿ ಕಾಣಲಾಗದು.

ಅಂದ ಹಾಗೆ, ನಿನ್ನೆಯ ಅರ್ಜುನ ಕೃಷ್ಣನ ಮಾತಿಗೆ ತಲೆಬಾಗಿದನಾದರೂ, ಅದಕ್ಕೆ ಮುನ್ನ ಮುಕ್ಕಾಲು ಗಂಟೆ ವಾದಿಸಿದ.