ವೆಟಿನ್ ದೆಮ್ ಡೂ?

ಶುಕ್ರವಾರ ಬೆಳಿಗ್ಗೆ ಕಾರು ಹತ್ತುತ್ತಿದ್ದ ಹಾಗೇ ಡ್ರೈವರ್ ರೇಡಿಯೋ ಆಫ್ ಮಾಡಿಬಿಟ್ಟ. ನೈಜೀರಿಯಾದ ಪೋರ್ಟ್ ಹಾರ್ಕೋರ್ಟ್‌ಗೆ ಬಂದು ಮೂರು ವರ್ಷವಾಯ್ತು, ರೇಡಿಯೋ ಇಲ್ಲದೆ ಅವನು ಗೇಟು ದಾಟಿದ್ದೇ ಇಲ್ಲ. ಏನಾಯ್ತಪ್ಪ ಅಂದೆ. ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ಓಗಾ, ದೆಮ್ ಡೋನ್ ಪಾರ್ಡನ್ ದೆಮ್. ವೆಟಿನ್ ದೆಮ್ ಡೂ?"

ಕ್ಷಮಿಸಿದಾರಂತೆ. ಅವರು ಮಾಡಿದ್ದಾದರೂ ಏನು?

ಹಿಂದಿನ ದಿನ, 2025ರ ಜೂನ್ 12ಕ್ಕೆ, ಇಲ್ಲಿನ ಅಧ್ಯಕ್ಷ ಟಿನುಬು ಅವರು ಲೇಖಕ, ಪರಿಸರ ಹೋರಾಟಗಾರ ಕೆನ್ ಸಾರೋ-ವಿವಾ ಮತ್ತು ಜೊತೆಗಿದ್ದ ಎಂಟು ಜನಕ್ಕೆ ಕ್ಷಮಾದಾನ ಘೋಷಿಸಿದ್ದರು. ಆ ಒಂಬತ್ತು ಜನರನ್ನು ಇದೇ ಊರಿನ ಜೈಲಿನಲ್ಲಿ 1995ರ ನವೆಂಬರ್ 10ರಂದೇ ನೇಣಿಗೆ ಹಾಕಿ ಆಗಿದೆ. ಅವರದೇ ಒಗೊನಿ ಸಮುದಾಯದ ನಾಲ್ವರು ಮುಖಂಡರ ಕೊಲೆಗೆ ಕುಮ್ಮಕ್ಕು ಕೊಟ್ಟರು ಅನ್ನೋದು ಆರೋಪ. ವಿಚಾರಣೆ ವಿಶೇಷ ನ್ಯಾಯಮಂಡಳಿಯಲ್ಲಿ, ಮೇಲ್ಮನವಿಗೆ ಅವಕಾಶವೇ ಇಲ್ಲ. ಲಂಚ ಕೊಟ್ಟು ಹೇಳಿಸಿದರು ಅಂತ ಕೆಲವು ಸಾಕ್ಷಿಗಳೇ ಬರೆದುಕೊಟ್ಟರು. ನಿಜವಾಗಿ ಆ ಒಂಬತ್ತು ಜನ ಮಾಡಿದ್ದು, ನಮ್ಮ ಹೊಲದಲ್ಲಿ ಎಣ್ಣೆ ಚೆಲ್ಲಬೇಡಿ ಅಂತ ತೈಲ ಕಂಪನಿಗಳಿಗೆ ಅಂದಿದ್ದು.

ಡ್ರೈವರ್ ಕೂಡ ಒಗೊನಿಯವನು. ಹೋದ ವರ್ಷ ಊರಿಂದ ಬರುವಾಗ ನೀರಿನ ಬಾಟಲಿ ತಂದು ನನ್ನ ಕೈಗಿಟ್ಟಿದ್ದ. ಮೇಲೆ ಕಾಮನಬಿಲ್ಲಿನ ಹಾಗೆ ಪದರ, ಮುಚ್ಚಳ ತೆಗೆದರೆ ಪೆಟ್ರೋಲ್ ಬಂಕಿನ ವಾಸನೆ. ಅವರ ಮನೆ ಬಾವಿಯದು. 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಅಲ್ಲಿನ ಒಂದು ಹಳ್ಳಿಯ ಬಾವಿಗಳಲ್ಲಿ ಸುರಕ್ಷಿತ ಮಿತಿಯ 900 ಪಟ್ಟು ಮೀರಿ ಬೆಂಜೀನ್ ಇದೆ ಅಂದಿತ್ತು, ನೆಲ ಶುದ್ಧವಾಗೋಕೆ 25ರಿಂದ 30 ವರ್ಷ ಬೇಕು ಅಂತಲೂ. ನಮ್ಮ ಫ್ಲ್ಯಾಟಿನ ಕಿಟಕಿ ಅಂಚಿಗೆ ಬೆರಳು ಎಳೆದರೂ ಮಸಿ ಹತ್ತುತ್ತೆ. ಕಾಡಿನಲ್ಲಿ ಕದ್ದ ಕಚ್ಚಾ ತೈಲ ಕಾಯಿಸುವವರ ಹೊಗೆ ಅದು. ಅಮ್ಮ ನೋಡಿದ್ದರೆ ಒಳಗೆ ಸೌದೆ ಒಲೆ ಇದೆ ಅಂದುಕೊಳ್ಳುತ್ತಿದ್ದಳು.

ಆಫೀಸಿನಲ್ಲಿ ಪಕ್ಕದ ಸೀಟಿನವನು, "ಕ್ಷಮಿಸಿದ್ರಲ್ಲ, ಇನ್ನೇನಂತೆ?" ಅಂದ. ಒಳ್ಳೆಯವನೇ, ಆದರೆ ಮಧ್ಯಾಹ್ನದ ಊಟದ ಆಚೆ ಯಾವುದನ್ನೂ ಎರಡು ಸಲ ಯೋಚಿಸಿದವನಲ್ಲ. ರಾತ್ರಿ ಫೋನಿನಲ್ಲಿ ಹೆಂಡತಿಯೂ, "ಒಳ್ಳೇದೇ ಆಯ್ತಲ್ವೇನ್ರೀ" ಅಂದಳು. ಹೇಗೆ ಹೇಳಲಿ? ನಮ್ಮ ಮಾತಿನಲ್ಲಂತೂ ಅದಕ್ಕೆ ದಾನ ಬೇರೆ ಸೇರಿಕೊಂಡಿದೆ. ಯಾರು ಯಾರಿಗೆ ಕೊಟ್ಟ ದಾನ? ನೇಣಿಗೆ ಹಾಕಿಸಿದ ಆಗಿನ ಸೇನಾ ಸರ್ವಾಧಿಕಾರಿ ಜನರಲ್ ಸಾನಿ ಅಬಾಚಾ 1998ರಲ್ಲಿ ಕುರ್ಚಿಯಲ್ಲಿದ್ದಾಗಲೇ ಸತ್ತ. ಅವನು ದೋಚಿ ಹೊರದೇಶಗಳಲ್ಲಿ ಬಚ್ಚಿಟ್ಟ ದುಡ್ಡು ಕಂತುಕಂತಾಗಿ ವಾಪಸ್ ಬರುತ್ತಿದೆ. 2020ರಲ್ಲಿ ಜೆರ್ಸಿ ದ್ವೀಪದಿಂದ ಒಂದೇ ಕಂತಿಗೆ 30 ಕೋಟಿ ಡಾಲರ್ ದಾಟಿತ್ತು. ಅವನಿಗೆ ಕ್ಷಮೆಯ ಅಗತ್ಯವೇ ಬೀಳಲಿಲ್ಲ, ಕಟಕಟೆಗೆ ಹತ್ತಿಸಿದವರು ಯಾರು?

ಇನ್ನೊಂದು ಅನುಮಾನ. 1993ರಿಂದ ಒಗೊನಿಯಲ್ಲಿ ತೈಲ ತೆಗೆದಿರಲಿಲ್ಲ. ಮತ್ತೆ ಶುರು ಮಾಡುವ ಮಾತುಕತೆ 2025ರಲ್ಲಿ ನಡೆಯುತ್ತಿತ್ತು. ಆಗಲೇ ಈ ಕ್ಷಮೆ ನೆನಪಾಗಿದ್ದು ಕಾಕತಾಳೀಯ ಅಂತ ನಂಬುವಷ್ಟು ಎಳೆಯವನಲ್ಲ ನಾನು.

ಸಂಜೆ ವಾಪಸ್ ಬರುವಾಗ ಚೆಕ್‌ಪೋಸ್ಟ್. ಬಂದೂಕಿನವನು ಬಗ್ಗಿ ನಗುತ್ತಾ, "ಎನಿಥಿಂಗ್ ಫಾರ್ ದಿ ಬಾಯ್ಸ್?" ಅಂದ. ಡ್ರೈವರ್ ಮಡಚಿಟ್ಟಿದ್ದ ನೋಟು ಕೊಟ್ಟ. ಗಾಜು ಏರಿಸಿ, ರೇಡಿಯೋ ಹಾಕಿದ. ಫುಟ್‌ಬಾಲ್ ಬರುತ್ತಿತ್ತು.