ಪರೇಡ್ ಮುಗಿದ ಮೇಲೆ

ನಮ್ಮಪ್ಪ ಮರಾಠಾ ಲೈಟ್ ಇನ್‌ಫಂಟ್ರಿಯಿಂದ ಹವಾಲ್ದಾರರಾಗಿ ಪಿಂಚಣಿ ಪಡೆದು ಊರಿಗೆ ಬಂದಾಗ ನಾನು ಆರನೇ ಇಯತ್ತೆಯಲ್ಲಿದ್ದೆ. ನಮ್ಮದು ಹಾವೇರಿ ಸೀಮೆ, ವರದಾ ನದಿಯ ದಂಡೆಯ ಊರು. ಅಲ್ಲಿಯವರೆಗೆ ಅಪ್ಪ ಎಂದರೆ ವರ್ಷಕ್ಕೊಮ್ಮೆ ರಜೆಯ ಮೇಲೆ ಕರಿ ಟ್ರಂಕ್ ಹೊತ್ತು ಬರುವ, ಕ್ಯಾಂಟೀನ್ ಸಾಬೂನಿನ ವಾಸನೆಯ ಮನುಷ್ಯ. ಆತ ಕಾಯಮ್ಮಾಗಿ ಬಂದ ಮೇಲೆ ಮನೆಯ ಚಹರೆಯೇ ಬದಲಾಯಿತು. ಬೆಳಿಗ್ಗೆ ಐದಕ್ಕೆ ಏಳಬೇಕು. ಸುತ್ತಿಟ್ಟ ಹಾಸಿಗೆಯ ಅಂಚು ಒಂದಕ್ಕೊಂದು ಕೂಡದಿದ್ದರೆ ಬಿಚ್ಚಿ ಮತ್ತೆ ಸುತ್ತಬೇಕು. ಚಪ್ಪಲಿಗಳ ಮೂಗು ಗೋಡೆಯ ಕಡೆಗೇ ಇರಬೇಕು. ಊಟಕ್ಕೆ ಕೂತವರು ಮಾತಾಡುವಂತಿಲ್ಲ. ಅವ್ವ ಒಮ್ಮೊಮ್ಮೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ‘ಇದು ಪಲ್ಟಣ್ ಅಲ್ರೀ, ಮನಿ’ ಅನ್ನುತ್ತಿದ್ದಳು. ಅಪ್ಪನ ಕಿವಿಗೆ ಅದು ಬಿದ್ದರೂ ಬಿದ್ದಂತೆ ಕಾಣುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ಇನ್ನೊಂದು ತರಹದ ಶಿಸ್ತು. ಛಡಿ ಛಂಛಂ, ವಿದ್ಯಾ ಘಂಘಂ ಎಂದು ಹಾಡಿಕೊಂಡೇ ವರ್ಗಕ್ಕೆ ಬರುವ ಮಾಸ್ತರೊಬ್ಬರಿದ್ದರು. ಹುಣಸೆ ಬರಲನ್ನು ತಂದುಕೊಡುವ ಕೆಲಸವೂ ಹೊಡೆಸಿಕೊಳ್ಳುವವನದ್ದೇ. ಅವರ ವರ್ಗದಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು, ಅದನ್ನು ನೋಡಿ ಊರವರು ಭೇಷ್ ಅನ್ನುತ್ತಿದ್ದರು. ನಾವು ಅಲ್ಲಿ ಕಲಿತದ್ದು ಮಾತ್ರ ಸುಳ್ಳು ಹೇಳುವ ಕಲೆ. ಶಾಲೆಯಲ್ಲಿ ಮಕ್ಕಳನ್ನು ದಂಡಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸಿತು. ನಮ್ಮ ಬೆನ್ನಿನ ಮಟ್ಟಿಗೆ ಅದು ತಡವಾಯಿತು, ಅಷ್ಟೇ. ಆ ಮಾಸ್ತರರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಮನಸ್ಸಿಲ್ಲ.

1989ರಲ್ಲಿ ಧಾರವಾಡಕ್ಕೆ, ಕಾಲೇಜಿಗೆ ಬಂದಾಗ ಬಿಡುಗಡೆ ಆಯಿತು ಅಂದುಕೊಂಡೆ. ಆಗ ಹಾವೇರಿ, ಗದಗ ಎರಡೂ ಧಾರವಾಡ ಜಿಲ್ಲೆಯೊಳಗೇ ಇದ್ದವು. 1997ರಲ್ಲಿ ಬೇರೆಯಾದವು. ನಮ್ಮ ಕಡೆಯ ಹುಡುಗರಿಗೆ ಕಾಲೇಜು ಅಂದರೆ ಧಾರವಾಡ, ಇರುವುದಕ್ಕೆ ಮಠದ ಪ್ರಸಾದ ನಿಲಯ. ಹೀಗೆ ಅಪ್ಪನ ಕಾನೂನಿನಿಂದ ಪಾರಾಗಿ ಬಂದವನು ಸಂಜೆ ಮಠದ ಕಾನೂನಿಗೆ, ಮುಂಜಾನೆ ಎನ್‌ಸಿಸಿ ಕಾನೂನಿಗೆ ಸಿಕ್ಕಿಬಿದ್ದೆ. ಎನ್‌ಸಿಸಿಗೆ ಯಾಕೆ ಸೇರಿದೆ ಎಂದು ಯಾರಾದರೂ ಕೇಳಿದರೆ ದೇಶಸೇವೆ ಎಂದು ಹೇಳುವುದು ವಾಡಿಕೆ. ನಿಜವೆಂದರೆ ಪರೇಡ್ ಮುಗಿದ ಮೇಲೆ ರಿಫ್ರೆಶ್‌ಮೆಂಟ್ ಎಂದು ಇಡ್ಲಿ-ವಡೆ ಕೊಡುತ್ತಿದ್ದರು. ಹದಿನೆಂಟರ ಹಸಿವಿಗೆ ಅದು ಸಣ್ಣ ಮಾತಲ್ಲ.

ಕಾಲೇಜಿನ ಎನ್‌ಸಿಸಿ ಕೋಣೆಯ ಗೋಡೆಯ ಮೇಲೆ ‘ಏಕತೆ ಮತ್ತು ಶಿಸ್ತು’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. 1948ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆಯ ಧ್ಯೇಯವಾಕ್ಯ ಅದು. ಅದರ ಕೆಳಗೆ ಹಿತ್ತಾಳೆ ತಿಕ್ಕುವ ಬ್ರಾಸೋ ಡಬ್ಬಿ, ಬೂಟಿಗೆ ಹಚ್ಚುವ ಪಾಲಿಶ್, ಹಳೆಯ ಬನಿಯನ್ ಹರಿದು ಮಾಡಿದ ಚಿಂದಿ. ಬೆಲ್ಟಿನ ಹಿತ್ತಾಳೆಯಲ್ಲಿ ಮುಖ ಕಾಣಬೇಕು. ಡ್ರಿಲ್ ಕಲಿಸಲು ಬೆಟಾಲಿಯನ್ನಿನಿಂದ ಬರುತ್ತಿದ್ದ ಹವಾಲ್ದಾರರು ಸಾತಾರಾ ಕಡೆಯವರು. ಗಿಡ್ಡ ಆಳು, ದನಿ ಮಾತ್ರ ಮೈದಾನದ ಆಚೆಯ ರಸ್ತೆಯವರೆಗೂ ಹೋಗುತ್ತಿತ್ತು. ನಾವು ಅವರನ್ನು ಉಸ್ತಾದ್ ಅನ್ನುತ್ತಿದ್ದೆವು.

ಡ್ರಿಲ್ಲಿನ ಬಗ್ಗೆ ನನಗಿದ್ದ ಕಲ್ಪನೆಯನ್ನು ಕೆಡವಿದವರು ಅವರು. ಹುಕುಂ ಎಂದರೆ ಒದರುವುದು, ಕೇಳಿದವನು ಕೂಡಲೇ ಮಾಡುವುದು, ಇಷ್ಟೇ ಎಂದುಕೊಂಡಿದ್ದೆ. ಮೈದಾನದಲ್ಲಿ ನಿಂತ ಮೇಲೆ ತಿಳಿಯಿತು, ಹುಕುಮಿಗೆ ಎರಡು ತುಂಡು. ‘ದಾಹಿನೇ’ (ಬಲಕ್ಕೆ) ಎಂದು ಎಳೆದು ಹೇಳುತ್ತಾರೆ. ಅದು ಎಚ್ಚರಿಕೆ. ನಡುವೆ ಉಸಿರು ಬಿಗಿಹಿಡಿಯುವಷ್ಟು ಬಿಡುವು. ಆಮೇಲೆ ‘ಮುಡ್’ (ತಿರುಗು) ಎಂದು ಕತ್ತರಿಸಿದಂತೆ. ಆ ಬಿಡುವಿನಲ್ಲಿ ಹಿಂದಿನ ಸಾಲಿನ ಕೊನೆಯ ಹುಡುಗನ ಮೈಯೂ ತಯಾರಾಗಬೇಕು. ‘ತೇಜ್ ಚಲ್’ ಎಂದರೆ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಇಂಚು. ಉದ್ದ ಕಾಲಿನವನು ತಗ್ಗಿಸಿಕೊಳ್ಳಬೇಕು, ಗಿಡ್ಡನವನು ಹಿಗ್ಗಿಸಿಕೊಳ್ಳಬೇಕು. ನಮ್ಮಲ್ಲಿ ಒಬ್ಬನಿಗೆ ಎಡಗಾಲಿನ ಜೊತೆ ಎಡಗೈಯೇ ಮುಂದೆ ಹೋಗುತ್ತಿತ್ತು. ಉಸ್ತಾದರು ಅವನನ್ನು ಬೈಯದೆ ತಾವೇ ಪಕ್ಕದಲ್ಲಿ ನಡೆದು, ಬೆಳಗಿನ ಬಿಸಿಲು ಏರುವವರೆಗೂ ಮೈದಾನ ಸುತ್ತಿಸಿದರು. ಅವನು ಈಗ ಪೊಲೀಸ್ ಇಲಾಖೆಯಲ್ಲಿದ್ದಾನೆ. ಕೈ ಸರಿಹೋಗಿರಬೇಕು.

ಎಲ್ಲಕ್ಕಿಂತ ನನ್ನ ತಲೆಯಲ್ಲಿ ಉಳಿದದ್ದು ‘ಜೈಸೇ ಥೆ’ ಎಂಬ ಹುಕುಂ. ಚಲನೆ ತಪ್ಪಿದರೆ ಎಲ್ಲರೂ ಮೊದಲಿದ್ದ ಸ್ಥಿತಿಗೆ ಮರಳಬೇಕು. ತಪ್ಪು ನಮ್ಮದೇ ಆಗಬೇಕೆಂದಿಲ್ಲ, ಹುಕುಂ ಕೊಟ್ಟವನು ತಪ್ಪು ಕಾಲಿನ ಮೇಲೆ ಕೊಟ್ಟಿದ್ದರೂ ಅದೇ ಮಾತು. ಒಮ್ಮೆ ಉಸ್ತಾದರೇ ಎಡವಟ್ಟಾಗಿ ಹುಕುಂ ಕೊಟ್ಟು, ಅರ್ಧ ಸಾಲು ಅತ್ತ, ಅರ್ಧ ಸಾಲು ಇತ್ತ ತಿರುಗಿ, ಒಬ್ಬನ ಟೋಪಿ ಇನ್ನೊಬ್ಬನ ಮೂಗಿಗೆ ಬಡಿಯಿತು. ‘ಜೈಸೇ ಥೆ! ಗಲತೀ ಮೇರೀ’, ತಪ್ಪು ನನ್ನದು, ಎಂದರು. ಅಷ್ಟೇ. ಮತ್ತೆ ಅದೇ ದನಿಯಲ್ಲಿ ಮುಂದಿನ ಹುಕುಂ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ನಮ್ಮ ಮನೆಯಲ್ಲಾಗಲೀ, ಆ ಛಡಿ ಮಾಸ್ತರರ ವರ್ಗದಲ್ಲಾಗಲೀ ಮೇಲಿನವರು ಹೀಗೆ ಹಿಂದೆಗೆದದ್ದನ್ನು ನಾನು ಕಂಡಿರಲಿಲ್ಲ. ಹಿಂದೆಗೆದ ಮೇಲೂ ಉಸ್ತಾದರ ಮೇಲಿನ ಭಯ-ಭಕ್ತಿಯಲ್ಲಿ ಒಂದು ಗುಂಜಿಯೂ ಕಡಿಮೆಯಾಗಲಿಲ್ಲ.

ಕೊನೆಗೆ ‘ವಿಸರ್ಜನ್’. ಬಲಕ್ಕೆ ತಿರುಗಿ ಸೆಲ್ಯೂಟ್ ಮಾಡಿ ಹೊರಟೆವೆಂದರೆ ಆ ದಿನದ ಮಟ್ಟಿಗೆ ಮುಗಿಯಿತು. ಇಡ್ಲಿ ತಿನ್ನುವಾಗ ಅದೇ ಉಸ್ತಾದರು ಸಾತಾರಾದ ಕುಸ್ತಿಯ ಕಥೆ ಹೇಳುತ್ತ, ನಮ್ಮ ಪ್ಲೇಟಿನಿಂದಲೇ ಚಟ್ನಿ ಎತ್ತಿಕೊಳ್ಳುತ್ತಿದ್ದರು.

ಪ್ರಸಾದ ನಿಲಯದಲ್ಲಿ ಹುಕುಮೇ ಇರಲಿಲ್ಲ. ಧಾರವಾಡದಲ್ಲಿ ಮುರುಘಾಮಠದ ಮೃತ್ಯುಂಜಯಪ್ಪಗಳು ಬಡ ಹುಡುಗರಿಗೆ ಉಚಿತ ಊಟ-ವಸತಿ ಕೊಟ್ಟು ಓದಿಸುವ ದಾರಿಯನ್ನು 20ನೆಯ ಶತಮಾನದ ಮೊದಲ ದಶಕಗಳಲ್ಲೇ ಹಾಕಿಕೊಟ್ಟಿದ್ದರು. ನಾನಿದ್ದದ್ದು ಬೇರೆ, ಚಿಕ್ಕ ಮಠ. ರೀತಿ ಅದೇ. ನಸುಕಿನಲ್ಲಿ ಜಳಕ, ವಿಭೂತಿ, ಲಿಂಗಪೂಜೆ, ಸಾಮೂಹಿಕ ಪ್ರಾರ್ಥನೆ. ಪಂಕ್ತಿಯಲ್ಲಿ ಕೊನೆಯವನ ತಾಟಿಗೆ ರೊಟ್ಟಿ ಬೀಳುವವರೆಗೆ ಮೊದಲನೆಯವನು ಮುಟ್ಟುವಂತಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಬಳಿದು, ಆ ನೀರು ಕುಡಿಯಬೇಕು. ಹೊಸದಾಗಿ ಬಂದವರಿಗೆ ಇದು ಕಷ್ಟ. ನುಚ್ಚು, ಸಾರು, ಹಿಂಡಿ ಎಲ್ಲ ಕಲೆತ ಆ ನೀರನ್ನು ಕಣ್ಣು ಮುಚ್ಚಿ ನುಂಗುತ್ತಿದ್ದರು. ನೋಡುವವರು ಯಾರೂ ಇರಲಿಲ್ಲ, ತಪ್ಪಿಸಿದರೆ ಕೇಳುವವರೂ ಇಲ್ಲ. ಆದರೂ ತಿಂಗಳೊಳಗೆ ಎಲ್ಲರೂ ಕುಡಿಯುತ್ತಿದ್ದರು. ಪಕ್ಕದವನು ಕುಡಿಯುತ್ತಿದ್ದಾನೆ ಎಂಬುದೇ ಕಾರಣವಿರಬಹುದು. ಭಕ್ತಿ ಅನ್ನುವುದರಲ್ಲಿ ಇದರ ಪಾಲು ಎಷ್ಟು ಎಂದು ಲೆಕ್ಕ ಹಾಕಲು ನಾನು ಹೋಗುವುದಿಲ್ಲ.

ಮಠದ ಸ್ವಾಮಿಗಳಾದ ಅಜ್ಜಾರಿಗೆ ನೇಮ ಅಂದರೆ ನೇಮ. ಆದರೆ ಒಬ್ಬ ಹುಡುಗ ಚಳಿಜ್ವರದಲ್ಲಿ ನಡುಗುತ್ತ ಬಾವಿಯ ಕಡೆ ಹೊರಟದ್ದನ್ನು ಕಂಡು, ‘ಎಲ್ಲಿ ಹೊಂಟಿ? ಜ್ವರ ಬಂದಾವಗ ಜಳಕಿಲ್ಲ. ಭಸ್ಮ ಹಚ್ಕೊಂಡ್ರ ಅದೂ ಸ್ನಾನನ. ಹೋಗಿ ಮಲಕೋ’ ಎಂದು ಗದರಿದರು. ನೇಮ ಪಾಲಿಸಲು ಹೊರಟವನಿಗೆ ಬೈಗುಳ! ಭಸ್ಮಸ್ನಾನವನ್ನೂ ಸ್ನಾನವೆಂದೇ ಶಾಸ್ತ್ರ ಒಪ್ಪುತ್ತದೆ ಎಂದು ಆಮೇಲೆ ತಿಳಿಯಿತು. ಅದೇ ವರ್ಷ ರಮ್ಜಾನ್ ತಿಂಗಳಲ್ಲಿ, ಎನ್‌ಸಿಸಿಯ ಬಿ ಸರ್ಟಿಫಿಕೇಟ್ ಪರೀಕ್ಷೆಯ ತಯಾರಿ ನಡೆದಾಗ, ಹಳೇ ಹುಬ್ಬಳ್ಳಿಯಿಂದ ಬರುತ್ತಿದ್ದ ಗೆಳೆಯನೊಬ್ಬ ರೋಜಾ ಇಟ್ಟುಕೊಂಡೇ ಪರೇಡ್ ಮಾಡುತ್ತಿದ್ದ. ಉಸ್ತಾದರಿಗೆ ತಿಳಿದಾಗ ನೆರಳಲ್ಲಿ ಕೂತು ಹೆಜ್ಜೆ ಎಣಿಸು ಎಂದರು. ಅವನು ಒಪ್ಪಲಿಲ್ಲ. ಆದರೆ ಹತ್ತು ದಿನದ ಕ್ಯಾಂಪಿಗೆ ಹೊರಟ ದಿನ ಅವನೇ ರೈಲಿನಲ್ಲಿ ನಮ್ಮ ಜೊತೆ ಬುತ್ತಿ ಬಿಚ್ಚಿ ಉಂಡ. ‘ಪ್ರಯಾಣದಾಗಿದ್ದವಗ, ಬ್ಯಾನಿ ಇದ್ದವಗ ಮಾಫಿ ಐತಿ. ಆಮ್ಯಾಲೆ ಅಷ್ಟ ದಿನ ಹಿಡದು ತೀರಿಸಬೇಕು’ ಅಂದ. ಕುರ್‌ಆನ್‌ನಲ್ಲೇ ಇರುವ ಮಾತು ಅದು. ನಮ್ಮ ಅಜ್ಜಾರು, ಅವನ ಧರ್ಮ, ಉಸ್ತಾದರ ‘ಜೈಸೇ ಥೆ’: ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಡೆ, ಕಟ್ಟುನಿಟ್ಟಿನ ಒಳಗೇ ಹೊರಬರಲು ಒಂದು ಬಾಗಿಲು ಇಟ್ಟಿದ್ದರು. ಆ ಬಾಗಿಲು ಇಲ್ಲದ್ದು ನಮ್ಮ ಮನೆಗೆ ಮಾತ್ರ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಅಪ್ಪ, ‘ಅಲ್ಲಿ ಏನ್ ಕಲಿಸ್ತಾರ?’ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲಿಯತನಕ ಯಾರಿಗೂ ಹೇಳದ ಜಮಾಲ್‌ಪುರದ ಮಾತು ತೆಗೆದರು. 1971ರ ಡಿಸೆಂಬರ್ 10ರ ರಾತ್ರಿ, ಈಗಿನ ಬಾಂಗ್ಲಾದೇಶದಲ್ಲಿ, ಅಪ್ಪನ ಪಲ್ಟಣ್ ಆದ 1 ಮರಾಠಾ ಜಮಾಲ್‌ಪುರದ ದಕ್ಷಿಣದ ರಸ್ತೆಗೆ ಅಡ್ಡ ಕೂತಿತ್ತು. ಊರೊಳಗೆ ಸಿಕ್ಕಿಬಿದ್ದಿದ್ದ ಪಾಕಿಸ್ತಾನದ 31 ಬಲೂಚ್ ಪಲ್ಟಣ್ ಆ ದಾರಿಯಿಂದಲೇ ಭೇದಿಸಿಕೊಂಡು ಹೋಗಲು ಬಂತು. ‘ಬೂಟಿನ ಸಪ್ಪಳ ಕೇಳಸ್ತಿತ್ತು. ಕೆಮ್ಮು ಬಂದ್ರ ತೋಳು ಕಚ್ಚಿಕೊಳ್ಳೋದು. ಫೈರ್ ಅನ್ನೂತನಾ ಒಬ್ಬನೂ ಟ್ರಿಗರ್ ಮುಟ್ಟಲಿಲ್ಲ. ಒಬ್ಬವ ಮುಟ್ಟಿದ್ದರ ನಾ ಇವತ್ತ ಇಲ್ಲಿ ಕೂತಿರತಿದ್ದಿಲ್ಲ.’ ಮರುದಿನ ಜಮಾಲ್‌ಪುರ ಶರಣಾಯಿತು.

ಚಪ್ಪಲಿಯ ಮೂಗು ಗೋಡೆಯ ಕಡೆಗೇ ಯಾಕಿರಬೇಕು ಎಂದು ನನಗೆ ಆ ರಾತ್ರಿ ಅರ್ಥವಾಯಿತು. ಕತ್ತಲಲ್ಲಿ ತಡಕಾಡದೆ ಸಿಗಬೇಕು. ಅರ್ಥವಾದರೂ ನನ್ನ ಅಭಿಪ್ರಾಯ ಬದಲಾಗಲಿಲ್ಲ. ವರದಾ ದಂಡೆಯ ನಮ್ಮ ಮನೆಯ ಅಂಗಳಕ್ಕೆ ಬಲೂಚ್ ಪಲ್ಟಣ್ ಬರುವುದಿರಲಿಲ್ಲ. ಜೀವ ಉಳಿಸಿದ ಶಿಸ್ತನ್ನು ಮನುಷ್ಯ ಬಿಡಲಾರ, ಸರಿ. ಅದನ್ನು ಹನ್ನೊಂದು ವರ್ಷದ ಹುಡುಗನ ಹಾಸಿಗೆಗೂ ಅದೇ ತೂಕದಲ್ಲಿ ಹೇರಿದರೆ ಹುಡುಗನಿಗೆ ಕಾಣುವುದು ಹಾಸಿಗೆ ಮಾತ್ರ, ಜಮಾಲ್‌ಪುರ ಅಲ್ಲ.

ನಾನು ಸೈನ್ಯಕ್ಕೆ ಹೋಗಲಿಲ್ಲ. ಬೆಳಗಾವಿಯ ರ‍್ಯಾಲಿಯಲ್ಲಿ ಎದೆಯ ಅಳತೆಗೇ ಹೊರಬಿದ್ದೆ. ಬ್ಯಾಂಕ್ ನೌಕರಿ ಹಿಡಿದು ಗದಗಿಗೆ ಬಂದೆ. ಅಲ್ಲಿ ವೀರೇಶ್ವರ ಪುಣ್ಯಾಶ್ರಮದ ಹಾದಿಯಲ್ಲಿ ಓಡಾಡುತ್ತಿದ್ದೆ. ನಮ್ಮ ಹಾನಗಲ್ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು 2010ರವರೆಗೂ ನಡೆಸಿದ ಆಶ್ರಮ. ಕಣ್ಣಿಲ್ಲದ ಮಕ್ಕಳು ಮುಂದಿನವನ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ಹೋಗುತ್ತಿದ್ದರು. ಮುಂದಿನವನು ನಿಂತರೆ ಎಲ್ಲರೂ ನಿಲ್ಲುತ್ತಿದ್ದರು, ಯಾರೂ ‘ಥಮ್’ ಅನ್ನದೆ. ಅದನ್ನು ನೋಡಿದ ದಿನ ಉಸ್ತಾದರು ಇಲ್ಲಿರಬೇಕಿತ್ತು ಅನ್ನಿಸಿತು.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಪಾತವಾಗಿ ಹತ್ತು ಜನ ಯೋಧರು ಸಿಕ್ಕಿಬಿದ್ದರು. ಆರು ದಿನದ ಮೇಲೆ ಜೀವಂತ ಸಿಕ್ಕವರು ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ದರ್ಶನಕ್ಕಿಟ್ಟಾಗ ಅಪ್ಪ ಹಳೆಯ ಕೋಟಿಗೆ ಪದಕಗಳನ್ನು ಚುಚ್ಚಿಕೊಂಡು, ಯಾರು ಮುಂದೆ ಬಿಡುತ್ತೇವೆ ಎಂದರೂ ಹೋಗದೆ, ಸರದಿಯಲ್ಲೇ ನಿಂತರು. ಬರುವಾಗ ಬಸ್ಸಿನಲ್ಲಿ ಜನ, ಆರು ದಿನ ಅಂವ ಹೆಂಗ ಬದುಕಿದ ಎಂದು ಮಾತಾಡಿಕೊಳ್ಳುತ್ತಿದ್ದರು. ಅಪ್ಪ ನನಗೆ ಮಾತ್ರ ಕೇಳುವಂತೆ ಅಂದರು: ‘ಆರು ದಿನ ಹುಡುಕೋದು ಬಿಡಲಿಲ್ಲ ನೋಡು ಅವರು. ಆಳು ಹುಕುಂ ಕೇಳೋದು ಅರ್ಧ. ಇದು ಉಳಿದರ್ಧ.’ ಅಷ್ಟೂ ವರ್ಷಗಳಲ್ಲಿ ಶಿಸ್ತಿನ ಬಗ್ಗೆ ಅವರಿಂದ ಕೇಳಿದ ಅತಿ ದೊಡ್ಡ ಭಾಷಣ.

ಆ ವರ್ಷವೇ ಮಗನನ್ನು ವಿಜಯಪುರದ ಸೈನಿಕ ಶಾಲೆಯ ಪರೀಕ್ಷೆಗೆ ಕೂಡಿಸುವ ಮಾತು ಮನೆಯಲ್ಲಿ ಎದ್ದಿತು. 1963ರಿಂದ ನಡೆದಿರುವ ಒಳ್ಳೆಯ ಶಾಲೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಧಾರವಾಡದ ಕೋಚಿಂಗ್ ಕ್ಲಾಸಿನ ಮುಂದೆ ಸಾಲಾಗಿ ನಿಂತ ಪಾಲಕರ ಮಾತು ಕೇಳಿ ನನಗೆ ಬೇಸರವಾಯಿತು. ‘ಹುಡುಗ ಮಾತ ಕೇಳಂಗಿಲ್ರೀ, ಮೊಬೈಲ್ ಬಿಡಂಗಿಲ್ಲ, ಅಲ್ಲಿಗೆ ಹಾಕಿದ್ರ ಸರಿ ಆಗ್ತಾನ.’ ಸೈನಿಕ ಶಾಲೆ ಇರುವುದು ಮಕ್ಕಳನ್ನು ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಅಣಿಗೊಳಿಸಲು, ನಮ್ಮ ಕೈಲಾಗದ್ದನ್ನು ರಿಪೇರಿ ಮಾಡಿಕೊಡಲು ಅಲ್ಲ. ಪರೀಕ್ಷೆ ಬರೆಯಬೇಕೋ ಬೇಡವೋ ಎಂದು ಮಗನನ್ನೇ ಕೇಳಿದೆ. ಬೇಡ ಅಂದ. ಅಪ್ಪ ಎರಡು ದಿನ ಮಾತು ಬಿಟ್ಟರು.

ಮಾತು ಮತ್ತೆ ಶುರುವಾದದ್ದು ಹೀಗೆ. ಮಗನ ಮುಂದಿದ್ದ ಹಾಲಿನ ಲೋಟ ಉರುಳಿತು. ಅಪ್ಪ ಕೂತಲ್ಲಿಂದಲೇ ಗುಡುಗಿದರು. ನನ್ನಿಂದ ಎನ್‌ಸಿಸಿ ಕಥೆ ಕೇಳಿ ಕೇಳಿ ಬಾಯಿಪಾಠವಾಗಿದ್ದ ಹುಡುಗ ಪರೇಡಿನ ‘ಸಾವಧಾನ್’ ಭಂಗಿಯಲ್ಲಿ ನೆಟ್ಟಗೆ ನಿಂತು, ‘ಅಜ್ಜಾ, ಜೈಸೇ ಥೆ! ಲೋಟ ಕೆಡವಿದ್ದು ಬೆಕ್ಕು’ ಅಂದ. ನಿಜವಾಗಿ ಬೆಕ್ಕೇ ಟೇಬಲ್ಲಿನ ಕೆಳಗೆ ಹಾಲು ನೆಕ್ಕುತ್ತಿತ್ತು. ನಾವೆಲ್ಲ ಉಸಿರು ಬಿಗಿಹಿಡಿದೆವು. ಅಪ್ಪ ಬೆಕ್ಕನ್ನು ನೋಡಿದರು, ಹುಡುಗನನ್ನು ನೋಡಿದರು. ‘ಜೈಸೇ ಥೆ’ ಎಂದು ತಾವೂ ಅಂದು ಪೇಪರ್ ಎತ್ತಿಕೊಂಡರು. ಅವ್ವ ಒಳಗಿನಿಂದ ನಕ್ಕದ್ದು ಎಲ್ಲರಿಗೂ ಕೇಳಿಸಿತು.

ಮರುದಿನ ಅಪ್ಪ ಮೊಮ್ಮಗನನ್ನು ಕರೆದು ಕರಾರು ಮಾಡಿಕೊಂಡರು. ಮನೆಯಲ್ಲಿ ಯಾರು ಯಾರಿಗಾದರೂ ಈ ಹುಕುಂ ಕೊಡಬಹುದು, ದಿನಕ್ಕೆ ಒಂದೇ ಸಲ, ಕಾರಣ ಹೇಳಬೇಕು. ಅಂದು ಸಂಜೆಯೇ ಹುಡುಗ ಅದನ್ನು ಗಣಿತದ ಹೋಮ್‌ವರ್ಕಿನ ಮೇಲೆ ಬಳಸಲು ನೋಡಿದ. ಅಪ್ಪ ಕಾರಣ ಕೇಳಿ, ಅರ್ಜಿ ತಿರಸ್ಕರಿಸಿ, ಪೆನ್ಸಿಲ್ ಚೂಪು ಮಾಡಿಕೊಟ್ಟರು.