ಮಕ್ಕಳ ಹತ್ತಿರ ಮನೆ: ಆಮೇಲೆ ತಿದ್ದಲಾಗದ ಕೆಲಸಗಳು

ನಿವೃತ್ತಿಯಾದ ಮೇಲೆ ಬೆಂಗಳೂರಿನ ಮನೆ ಮಾರಿ, ಮಗನೋ ಮಗಳೋ ಇರುವ ತುಮಕೂರಿನಲ್ಲಿ 30×40 ಸೈಟಿನಲ್ಲಿ ಕಟ್ಟಿಸಲು ಹೊರಟವರ ಮಾತು ಸಾಮಾನ್ಯವಾಗಿ ಎಲಿವೇಷನ್ನು, ಮಾಡ್ಯುಲರ್ ಕಿಚನ್ನು, ದೇವರ ಮನೆಯ ತೇಗದ ಬಾಗಿಲಿನಿಂದ ಶುರುವಾಗುತ್ತದೆ. ಇವನ್ನೆಲ್ಲ ಐದು ವರ್ಷ ಬಿಟ್ಟು ಬೇಕಾದರೂ ಮಾಡಿಸಬಹುದು. ಸೈಟಿನ ಖಾತೆ, ಪಾಯದ ಎತ್ತರ, ಬಾಗಿಲ ಚೌಕಟ್ಟಿನ ಅಗಲ, ಬಾತ್‌ರೂಮಿನ ಗೋಡೆ, ಸಂಪು ಹಾಗಲ್ಲ. ದುಡ್ಡೂ ತಲೆಯೂ ಮೊದಲು ಖರ್ಚಾಗಬೇಕಾದ್ದು ಇಲ್ಲಿ.

ಮಕ್ಕಳ ಹತ್ತಿರ ಅಂದರೆ ಎಷ್ಟು ಹತ್ತಿರ ಎಂಬುದನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ತುಮಕೂರಿನ ನಡುವೆ ಹಾಯುವ ಬಿ.ಎಚ್. ರಸ್ತೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಇದ್ದರೆ ಅರ್ಧ ಕಿಲೋಮೀಟರೂ ಎಪ್ಪತ್ತೈದರ ವಯಸ್ಸಿಗೆ ದೂರವೇ. ಸಂಜೆಯ ಟ್ರಾಫಿಕ್ಕಿನಲ್ಲಿ ದೊಡ್ಡ ರಸ್ತೆ ದಾಟದೆ ನಡೆದು ಹೋಗುವಂತಿರಬೇಕು. ಒಂದೇ ಸೈಟಿನಲ್ಲಿ ಕೆಳಗೆ ಹಿರಿಯರು, ಮೇಲೆ ಮಕ್ಕಳು ಎಂದಾದರೆ ಮೆಟ್ಟಿಲು ಹೊರಗಿನಿಂದಿರಲಿ, ಅಡುಗೆಮನೆ ಎರಡಿರಲಿ. ಮೊದಲೇ ಪ್ಲಂಬಿಂಗ್ ಕೊಟ್ಟಿಟ್ಟರೆ ಖರ್ಚು ಹೆಚ್ಚಾಗುವುದಿಲ್ಲ. ಅತ್ತೆ-ಸೊಸೆ ಇಬ್ಬರಿಗೂ ಅದೇ ನೆಮ್ಮದಿ.

ಸೈಟು ಯಾರ ಹೆಸರಿನಲ್ಲಿದೆ ಎಂಬುದನ್ನು ಮುಜುಗರವಿಲ್ಲದೆ ಮಾತಾಡಿಕೊಳ್ಳಿ. ಮಗನ ಸೈಟಿನಲ್ಲಿ ಅಪ್ಪನ ದುಡ್ಡಿನಿಂದ ಕಟ್ಟಿದರೆ ದಾಖಲೆಯಲ್ಲಿ ಸ್ವತ್ತು ಮಗನದೇ. ಹಳೇ ಮನೆ ಮಾರಿದ ಲಾಭಕ್ಕೆ ತೆರಿಗೆ ವಿನಾಯಿತಿ ಬೇಕಾದರೆ ಹೊಸ ಮನೆ ಮಾರಿದವರ ಹೆಸರಿನಲ್ಲೇ ಇದ್ದರೆ ತಕರಾರು ಬರುವುದಿಲ್ಲ. ಮಾರಿದ ದಿನದಿಂದ 3 ವರ್ಷದೊಳಗೆ ಕಟ್ಟಿ ಮುಗಿಸಬೇಕು. ರಿಟರ್ನ್ಸ್ ಸಲ್ಲಿಸುವ ಕೊನೇ ದಿನದೊಳಗೆ ಖರ್ಚಾಗದೆ ಉಳಿದ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಬೇಕು; ಮಾಮೂಲಿ ಎಫ್.ಡಿ.ಯಲ್ಲಿ ಇಟ್ಟರೆ ಲೆಕ್ಕಕ್ಕೆ ಬರುವುದಿಲ್ಲ. ಮಕ್ಕಳಿಗೆ ದಾನಪತ್ರ ಮಾಡಿಕೊಡುವವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ದಾನ ರದ್ದು ಮಾಡಿಸಲು ಆ ಷರತ್ತೇ ಆಧಾರ. ಬಾಯಿಮಾತಿನ ಭರವಸೆ ಅಲ್ಲಿ ನಿಲ್ಲುವುದು ಕಷ್ಟ.

ಖಾತೆಯ ವಿಷಯ ಚಿಕ್ಕದು, ಆದರೆ ಬಹಳ ಜನ ಜಾರುವುದು ಇಲ್ಲೇ. ಊರಂಚಿನ ಪಂಚಾಯಿತಿ ಸೈಟಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9ರ ಜೊತೆ 11ಎ ಇದೆಯೋ, ಬರೀ 11ಬಿ ಇದೆಯೋ ನೋಡಿ. 11ಬಿ ಎಂದರೆ ಬಡಾವಣೆಗೆ ಕ್ರಮವಾದ ಒಪ್ಪಿಗೆ ಇಲ್ಲ. ಅಗ್ಗಕ್ಕೆ ಸಿಗುವುದು ಅದಕ್ಕೇ. ಭೂಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಮಂಜೂರು ಮಾಡಿದ ಬಡಾವಣೆ ನಕ್ಷೆ, 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಈ ಮೂರನ್ನೂ ವಕೀಲರ ಕೈಲಿಟ್ಟ ಮೇಲೆ ಅಡ್ವಾನ್ಸಿನ ಮಾತು.

ಈಗ ಪಾಯ. ರಸ್ತೆಗೆ ಡಾಂಬರು ಬಿದ್ದಾಗಲೆಲ್ಲ ಅದು ಏರುತ್ತದೆ, ಮಳೆನೀರು ಒಳಗೆ ಬರುತ್ತದೆ ಎಂದು ಮೇಸ್ತ್ರಿ ಮೂರಡಿ ಎತ್ತರಿಸೋಣ ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಗಾಲಿಕುರ್ಚಿಯ ರ‍್ಯಾಂಪಿಗೆ ಒಂದಡಿ ಏರಲು 12 ಅಡಿ ಉದ್ದ ಬೇಕು. ಮೂರಡಿಗೆ 36 ಅಡಿಯಾಯಿತು. 40 ಅಡಿ ಸೈಟಿನಲ್ಲಿ ಅದಕ್ಕೆ ಜಾಗ ಎಲ್ಲಿದೆ? ಪಾಯ ರಸ್ತೆಯಿಂದ ಎರಡಡಿ ಇರಲಿ. ಮನೆಯ ಪಕ್ಕದಲ್ಲಿ ಗೇಟಿನಿಂದ ಹಿಂದಕ್ಕೆ 12 ಅಡಿ ಇಳಿಜಾರು, ಅಲ್ಲಿ ನಿಂತು ಸುಧಾರಿಸಿಕೊಳ್ಳಲು 5 ಅಡಿ ಸಮತಟ್ಟು, ಮತ್ತೆ 12 ಅಡಿ ಇಳಿಜಾರು ಎಂದು ಒಟ್ಟು 29 ಅಡಿಯಲ್ಲಿ ಮುಗಿಸಬಹುದು. ಅಗಲ ಕನಿಷ್ಠ 3 ಅಡಿ, ಸಾಧ್ಯವಾದರೆ 4. ಈಗಲೇ ರ‍್ಯಾಂಪ್ ಕಟ್ಟಬೇಕೆಂದಿಲ್ಲ, ಆ ಪಟ್ಟಿಯಲ್ಲಿ ಸಂಪಿನ ಮುಚ್ಚಳವೋ ಚರಂಡಿಯ ಚೇಂಬರೋ ಬಾರದಂತೆ ನಕ್ಷೆಯಲ್ಲಿ ಖಾಲಿ ಬಿಟ್ಟರೆ ಸಾಕು. ಬೈಕಿಗೆ ಹಾಕುವ ಕಡಿದಾದ ಗೀಟಿನ ಇಳಿಜಾರನ್ನೇ ರ‍್ಯಾಂಪ್ ಎಂದು ತೋರಿಸಿದರೆ ಒಪ್ಪಬೇಡಿ. ಅದರಲ್ಲಿ ಗಾಲಿಕುರ್ಚಿ ತಳ್ಳಲು ಇಬ್ಬರು ಬೇಕು.

ಚೌಕಟ್ಟಿನ ಅಳತೆಯಲ್ಲಿ ಒಂದು ಮೋಸವಿದೆ, ಯಾರೂ ಬೇಕೆಂದು ಮಾಡುವುದಲ್ಲ. ಬಡಗಿ ಮೂರಡಿ ಅಂದರೆ ಹೊರಮೈಯ ಅಳತೆ. ಎರಡೂ ಬದಿಯ ಮರ ಮೂರು ಮೂರು ಇಂಚು ಹೋದರೆ ಉಳಿದದ್ದು 30 ಇಂಚು, ತೆರೆದ ಬಾಗಿಲಿನ ದಪ್ಪ ಕಳೆದರೆ ಇಪ್ಪತ್ತೆಂಟೂವರೆ. ಗಾಲಿಕುರ್ಚಿಯ ಅಗಲವೇ 24ರಿಂದ 26 ಇಂಚು, ಚಕ್ರ ತಿರುಗಿಸುವ ಕೈಗೂ ಜಾಗ ಬೇಕಲ್ಲ. ಮಲಗುವ ಕೋಣೆಗೂ ಬಾತ್‌ರೂಮಿಗೂ ಹೊರ ಅಳತೆ ಮೂರೂವರೆ ಅಡಿ ಇರಲಿ. ರೂಢಿಯಂತೆ ಬಾತ್‌ರೂಮಿಗೆ ಎರಡೂವರೆ ಅಡಿ ಇಟ್ಟರೆ ವಾಕರ್ ಕೂಡ ಅಡ್ಡಡ್ಡ ನುಗ್ಗಿಸಬೇಕಾಗುತ್ತದೆ. ಒಳಬಾಗಿಲುಗಳಿಗೆ ಮೂರೇ ಬದಿಯ ಚೌಕಟ್ಟು, ಹೊಸಿಲು ಬೇಡ. ತಲೆಬಾಗಿಲಿಗೆ ಹೊಸಿಲಿಲ್ಲದೆ ಅರಿಶಿನ ಕುಂಕುಮ ಎಲ್ಲಿ ಹಚ್ಚುವುದು? ಅದಕ್ಕೆ ಮರವನ್ನು ನೆಲದೊಳಗೆ ಇಳಿಸಿ, ಮೇಲೆ ಅರ್ಧ ಇಂಚು ಮಾತ್ರ ಕಾಣುವಂತೆ ಕೂರಿಸಬಹುದು. ಗ್ರಾನೈಟ್ ಹಾಕುವ ಮುಂಚೆಯೇ ಬಡಗಿಗೂ ಟೈಲ್ಸ್ ಮೇಸ್ತ್ರಿಗೂ ಒಟ್ಟಿಗೆ ಹೇಳಬೇಕು, ಇಲ್ಲದಿದ್ದರೆ ಇವರು ಅವರ ಮೇಲೆ ಹಾಕುತ್ತಾರೆ.

ಬಾತ್‌ರೂಮು 5×8 ಅಡಿಗಿಂತ ಚಿಕ್ಕದು ಬೇಡ. ಬಾಗಿಲು ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆಯುವಂತಿದ್ದರೆ ಬಿದ್ದವರೇ ಬಾಗಿಲಿಗೆ ಅಡ್ಡವಾಗಿ, ಹೊರಗಿನವರು ತಳ್ಳಲೂ ಆಗುವುದಿಲ್ಲ. ಚಿಲಕ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ತೆಗೆಯುವಂಥದ್ದಿರಲಿ. ಕಮೋಡಿನ ಸೀಟು ನೆಲದಿಂದ 18 ಇಂಚು. ಅಂಗಡಿಯಲ್ಲಿ ಮಾಮೂಲಿಯಾಗಿ ಸಿಗುವುದು ಹದಿನೈದು ಹದಿನಾರು ಇಂಚಿನದು, ಮೊಣಕಾಲಿಗೆ ಆ ಎರಡು ಮೂರು ಇಂಚೇ ವ್ಯತ್ಯಾಸ. ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆ 18 ಇಂಚಿನಲ್ಲಿದ್ದರೆ ಹಿಡಿಕೆ ಕೈಗೆ ಎಟುಕುತ್ತದೆ. ಹಿಡಿಕೆಯ ಎತ್ತರ 33ರಿಂದ 36 ಇಂಚು, ಗೋಡೆಗೂ ಅದಕ್ಕೂ ಒಂದೂವರೆ ಇಂಚು ಸಂದು. ಇಲ್ಲಿ ಕೆಡುವುದು ಗೋಡೆಯಿಂದ: ಹಾಲೋ ಬ್ಲಾಕಿನಲ್ಲೋ ನಾಲ್ಕಿಂಚಿನ ಗೋಡೆಯಲ್ಲೋ ಆ್ಯಂಕರ್ ಬೋಲ್ಟು ಮೈಭಾರಕ್ಕೆ ಕಿತ್ತುಬರುತ್ತದೆ. ಆ ಗೋಡೆಯನ್ನು ಆರಿಂಚಿನ ಸಾಲಿಡ್ ಬ್ಲಾಕಿನಲ್ಲೇ ಕಟ್ಟಿಸಿ, ಟೈಲ್ಸಿಗೆ ಮುಂಚೆ ಜಾಗದ ಫೋಟೋ ತೆಗೆದು ಅಳತೆ ಬರೆದಿಡಿ. ಒಣ ಭಾಗಕ್ಕೂ ಸ್ನಾನದ ಭಾಗಕ್ಕೂ ನಡುವೆ ಎರಡಿಂಚು ತಗ್ಗಿಸುವುದು ಮೇಸ್ತ್ರಿಗಳ ಅಭ್ಯಾಸ. ಎಡವುವುದು ಆ ತಗ್ಗಿನಲ್ಲೇ. 5 ಅಡಿಗೆ ಮುಕ್ಕಾಲು ಇಂಚಿನ ಇಳಿಜಾರು ಕೊಟ್ಟರೆ ನೀರು ಹರಿಯುತ್ತದೆ. ಕರೆಗಂಟೆಯ ಸ್ವಿಚ್ಚು ನೆಲದಿಂದ ಒಂದಡಿಯಲ್ಲೂ ಒಂದಿರಲಿ, ಬಿದ್ದವರ ಕೈಗೆ ಸಿಗುವಂತೆ.

ನೀರಿನ ಮಾತಿಗೆ ಬಂದರೆ, ಹೇಮಾವತಿ ನೀರು ನಲ್ಲಿಗೆ ದಿನಾ ಬರುತ್ತದೆಂದು ಲೆಕ್ಕ ಹಾಕಬೇಡಿ. ಸಂಪು 8×7×6 ಅಡಿ ಅಂದರೆ ಸುಮಾರು 9,500 ಲೀಟರ್ ಹಿಡಿಯುತ್ತದೆ. ಇಬ್ಬರಿಗೆ ಅಷ್ಟು ಯಾಕೆ ಅನ್ನಿಸಬಹುದು. ಸಂಪು ಚಿಕ್ಕದಾದರೆ ಟ್ಯಾಂಕರಿನ ಪೂರಾ ಲೋಡಿಗೆ ದುಡ್ಡು ಕೊಟ್ಟು ಮಿಕ್ಕ ನೀರನ್ನು ವಾಪಸ್ ಕಳಿಸಬೇಕಾಗುತ್ತದೆ. ಬೋರಿನ ನೀರನ್ನು ಕುಡಿಯುವ ಮುಂಚೆ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಒಂದೂವರೆ ದಾಟಿದರೆ ಕುಡಿಯಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಗಾಢವಾಗುತ್ತದೆ. 1,000 ಚದರಡಿ ತಾರಸಿಯ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೂ, ಐದರಲ್ಲೊಂದು ಪಾಲು ಪೋಲಾದರೂ, 44,000 ಲೀಟರಿನಷ್ಟು ಸಿಗುತ್ತದೆ. ಕುಡಿಯಲು, ಅಡುಗೆಗೆ ಇಬ್ಬರಿಗೆ ದಿನಕ್ಕೆ 20 ಲೀಟರ್ ಸಾಕು. ಐದು ತಿಂಗಳು ಮಳೆಯಿಲ್ಲದಿದ್ದರೂ 3,000 ಲೀಟರ್ ಬೇಕಾದೀತು. 5,000 ಲೀಟರಿನ ಬೇರೆ ತೊಟ್ಟಿ ಇಟ್ಟು, ಮೊದಲ ಮಳೆಯ ಕೊಳೆನೀರು ಹೊರಹೋಗುವ ಪೈಪು ಬಿಟ್ಟು, ಫಿಲ್ಟರ್ ಹಾಕಿಸಿ.

ಸ್ವಿಚ್ ಬೋರ್ಡು ಮೂರೂವರೆ ಅಡಿಯಲ್ಲಿ, ಪ್ಲಗ್ಗು ಎರಡಡಿಯಲ್ಲಿ ಇದ್ದರೆ ಬಗ್ಗುವುದು ತಪ್ಪುತ್ತದೆ. ಮಂಚದ ಪಕ್ಕ ಟೂ-ವೇ (ಎರಡು ಕಡೆಯಿಂದ ಹಾಕಿ ಆರಿಸುವ) ಸ್ವಿಚ್ಚು, ಬಾತ್‌ರೂಮಿನ ದಾರಿಗೆ ಯುಪಿಎಸ್ಸಿನಿಂದ ಒಂದು ಸಣ್ಣ ದೀಪ.

ಆಷಾಢ ಬರುವುದರೊಳಗೆ ಗೃಹಪ್ರವೇಶ ಎಂಬ ಅವಸರದಲ್ಲಿ ಗಾರೆ ಆರುವ ಮುಂಚೆ ಪುಟ್ಟಿ, ಬಣ್ಣ ಹೊಡೆದರೆ ಮೊದಲ ಮಳೆಗಾಲಕ್ಕೇ ಗೋಡೆ ಬೂಷ್ಟು ಹಿಡಿಯುತ್ತದೆ. ಉಬ್ಬಸ ಇರುವವರಿಗೆ ಅಂಥ ಕೋಣೆ ಆಗದು. ಮುಹೂರ್ತಕ್ಕೆ ಹಾಲುಕ್ಕಿಸಿ ಪೂಜೆ ಮುಗಿಸಿ, ಸಾಮಾನು ಸಾಗಿಸುವುದನ್ನು ಗೋಡೆ ಒಣಗುವವರೆಗೆ ಮುಂದಕ್ಕೆ ಹಾಕಬಹುದು. ಆ ಬಿಡುವಿನಲ್ಲಿ ಆಧಾರಿನ ವಿಳಾಸ, ಗ್ಯಾಸ್ ಸಂಪರ್ಕ, ಮತದಾರರ ಪಟ್ಟಿಗೆ ಫಾರಂ 8 ಮುಗಿಸಿಕೊಳ್ಳಿ. ಪಿಂಚಣಿ ಖಾತೆಯ ಶಾಖೆ ಬದಲಾವಣೆಯನ್ನು ಮಾತ್ರ ನವೆಂಬರಿಗೆ ತಂದುಕೊಳ್ಳಬೇಡಿ. ಜೀವಿತ ಪ್ರಮಾಣಪತ್ರ ಕೊಡುವ ತಿಂಗಳಲ್ಲಿ ಎರಡೂ ಒಟ್ಟಿಗೆ ಬಿದ್ದರೆ ಹಳೇ ಶಾಖೆ, ಹೊಸ ಶಾಖೆ ಎಂದು ಓಡಾಟ ಶುರುವಾಗುತ್ತದೆ.